ಚಾಪೆಯ ಮೇಲೆ ಇಳಿಯಬೇಕಾದ ಹೆಲಿಕಾಪ್ಟರ್

ಗಲ್ಫ್‌ನಿಂದ ರಜೆಯಲ್ಲಿ ಬಂದ ಮಾವ ತಂದ ಪೆಟ್ಟಿಗೆಯನ್ನು ನಿಮ್ಮ ಮಗ ಬಿಚ್ಚುತ್ತಾನೆ. ಒಳಗೆ ಗೇಣುದ್ದದ ಹೆಲಿಕಾಪ್ಟರ್, ಒಂದು ರಿಮೋಟ್. ಐದೇ ನಿಮಿಷದಲ್ಲಿ ಅದು ಸೀಲಿಂಗಿಗೆ ಬಡಿದು ಸೋಫಾದ ಹಿಂದೆ ಬಿದ್ದಿರುತ್ತದೆ. ನಮ್ಮ ಮನೆಯಲ್ಲಿ ಬಿದ್ದದ್ದು ಸಾರಿನ ಪಾತ್ರೆಯ ಪಕ್ಕ. ಮಗನನ್ನು ಗದರಿಸಿ ಅದನ್ನು ಕಪಾಟಿನ ಮೇಲಿಟ್ಟೆ. ಆ ಗದರಿಕೆ ಬೇಡವಾಗಿತ್ತು. ಅವನು ಪುಂಡಾಟ ಮಾಡಿರಲಿಲ್ಲ, ಏರಿಸುವ ಕಡ್ಡಿಯನ್ನು ಒಮ್ಮೆಲೇ ತಳ್ಳಿದ್ದನಷ್ಟೆ.

ಸೈಮಾ ಎಸ್107ನಂತಹ ಆರಂಭದ ಮಾದರಿಗಳಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಮೇಲಿನದು ಒಂದು ದಿಕ್ಕಿಗೆ, ಕೆಳಗಿನದು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹಾಗಿಲ್ಲದಿದ್ದರೆ ಅದರ ಮೈಯೇ ಬುಗುರಿಯಂತೆ ಸುತ್ತುತ್ತಿತ್ತು. ಇದರ ರಿಮೋಟ್ ಟಿವಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡುವುದರಿಂದ ಅಂಗಳದ ಬಿಸಿಲಿನಲ್ಲಿ ಮಾತು ಕೇಳುವುದಿಲ್ಲ. ಹಾಲ್‌ನಲ್ಲೇ ಹಾರಿಸಲಿ, ಫ್ಯಾನ್ ಆರಿಸಿ.

ನೆಲದ ಹತ್ತಿರ ತನ್ನದೇ ಗಾಳಿಗೆ ಅದು ತೂರಾಡುತ್ತದೆ. ಆದ್ದರಿಂದ ಸೊಂಟದೆತ್ತರಕ್ಕೆ ಏರಿಸಿ, ಬಾಲ ತನ್ನ ಕಡೆಗಿರುವಂತೆ ನಿಲ್ಲಿಸಲು ಕಲಿಯಲಿ. ಮಕ್ಕಳು ಅಳುವುದು ಆಮೇಲೆ, ಮೂತಿ ತಮ್ಮ ಕಡೆ ತಿರುಗಿದಾಗ. ಆಗ ಎಡವೆಲ್ಲ ಬಲವಾಗಿ ಕಾಣುತ್ತದೆ. ಎಲ್ಲಿಗಾದರೂ ಬಡಿದರೆ ಮೊದಲು ಕಡ್ಡಿಯನ್ನು ಪೂರ್ತಿ ಕೆಳಗಿಳಿಸಬೇಕು. ರೆಕ್ಕೆ ಸಿಕ್ಕಿಕೊಂಡಾಗಲೂ ಕರೆಂಟ್ ಹರಿಯುತ್ತಿದ್ದರೆ ಮೋಟಾರು ಸುಡುತ್ತದೆ.

ಒಂದು ತಿಂಗಳಲ್ಲಿ "ದೊಡ್ಡದು ಬೇಕು" ಎಂಬ ಹಟ ಶುರು. ಡಬ್ಲ್ಯುಎಲ್ ಟಾಯ್ಸ್ ವಿ911ನಂತಹವು ಮುಂದಿನ ಮೆಟ್ಟಿಲು. ಮೇಲೆ ಒಂದೇ ಜೊತೆ ರೆಕ್ಕೆ, ಬಾಲದಲ್ಲಿ ಪುಟ್ಟದೊಂದು. ಅಡ್ಡಕ್ಕೂ ಚಲಿಸುತ್ತದೆ, ಆದರೆ ಕೈಬಿಟ್ಟರೆ ತಾನಾಗಿ ಸ್ಥಿರವಾಗಿ ನಿಲ್ಲುವುದಿಲ್ಲ. ಕೊಳ್ಳುವಾಗಲೇ ಬಿಡಿ ರೆಕ್ಕೆಗಳನ್ನೂ ಕೊಳ್ಳಿ, ಮುರಿಯುವುದು ಖಂಡಿತ. ತಲೆಕೆಳಗಾಗಿಯೂ ಹಾರಬಲ್ಲ ದೊಡ್ಡ ಮಾದರಿಗಳ ಆಸೆಗೆ ಮಾತ್ರ ಬಗ್ಗಬೇಡಿ. ಅವುಗಳ ರೆಕ್ಕೆ ಬೆರಳನ್ನೂ ಕಣ್ಣನ್ನೂ ಬಿಡುವುದಿಲ್ಲ, ಅವು ಮಕ್ಕಳಿಗಲ್ಲ.

ನನಗೆ ರೆಕ್ಕೆಗಿಂತ ಹೆಚ್ಚು ಭಯ ಬ್ಯಾಟರಿಯದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶ 4.2 ವೋಲ್ಟಿಗೆ ತುಂಬಿರುತ್ತದೆ. ಅದಕ್ಕೂ ಮೀರಿ ತುಂಬಿದರೆ ಉಬ್ಬಿ ಬೆಂಕಿ ಹತ್ತಬಹುದು. ಹಾಸಿಗೆಯ ಮೇಲೆ ಚಾರ್ಜ್ ಬೇಡ, ಹಚ್ಚಿಟ್ಟು ಮಲಗುವುದೂ ಬೇಡ. ಉಬ್ಬಿದ್ದು ಕಂಡರೆ ಮತ್ತೆ ಬಳಸಲೇಬೇಡಿ.

ಕಪಾಟಿನಿಂದ ಇಳಿಸಿಕೊಟ್ಟ ದಿನ ಮಗನಿಗೆ ಒಂದು ಷರತ್ತು ಹಾಕಿದೆ. ಮೂತಿ ತನ್ನ ಕಡೆಗಿರುವಂತೆ ಹಾರಿಸಿ ಸತತ 5 ಸಲ ಚಾಪೆಯ ಮೇಲೆ ಇಳಿಸಬೇಕು, ಆಮೇಲೆ ದೊಡ್ಡದರ ಮಾತು. ನಿನ್ನೆ ಮಗ್ರಿಬ್‌ಗೆ ಮೊದಲು 3 ಸಲ ಇಳಿಸಿದ. ನಾಲ್ಕನೆಯದಕ್ಕೆ ಚಾರ್ಜ್ ಮುಗಿಯಿತು.