ಹಳೆಯ ಟ್ರಕ್ಕಿಗೆ ಹೊಸ ಅಡಾಪ್ಟರ್ ಬಿಲ್ಲೆ: ಲೇತಿಗೆ ಮೊದಲು ಲೆಕ್ಕ

ಕಳೆದ ಸಾಲಿನ ರೊಬಸ್ಟಾ ಕೊಯ್ಲಿನ ನಡುವೆ ಒಂದು ಸಂಜೆ. ಮೇಲಿನ ತೋಟದಿಂದ ಹಣ್ಣಿನ ಚೀಲ ಹೇರಿಕೊಂಡು ಕಣಕ್ಕೆ ಇಳಿಯುತ್ತಿದ್ದೆವು. ಎರಡನೆಯ ತಿರುವು ದಾಟುವಾಗ ಗಾಡಿ ಒಮ್ಮೆ ಕುಂಟಿದಂತಾಯಿತು. ಮರುಕ್ಷಣವೇ ನಮ್ಮದೇ ಎಡಬದಿಯ ಹಿಂದಿನ ಚಕ್ರ ನಮ್ಮನ್ನು ದಾಟಿ ಇಳಿಜಾರಿನಲ್ಲಿ ಓಡಿಹೋಗಿ ಕಾಫಿ ಗಿಡಗಳ ನಡುವೆ ಬಿತ್ತು. ಗಾಡಿ ಬ್ರೇಕ್ ಡ್ರಮ್ಮಿನ ಮೇಲೆ ಕುಸಿದು, ದರೆಗೆ ಒರಗಿ ನಿಂತಿತು. ಚೀಲಗಳು ಚೆಲ್ಲಾಪಿಲ್ಲಿಯಾದವು. ಚಾಲಕನಿಗೆ ಮೊಣಕೈ ತರಚಿತು. ಅಷ್ಟೇ.

ಅಷ್ಟೇ ಎಂದು ಬರೆಯುವಾಗ ಕೈ ನಡುಗುತ್ತದೆ. ಬೇರೆ ದಿನಗಳಲ್ಲಿ ಆ ಚೀಲಗಳ ಮೇಲೆ ಏಳೆಂಟು ಮಂದಿ ಕೊಯ್ಲಿನವರು ಕುಳಿತು ಬರುತ್ತಿದ್ದರು. ಅಂದು ಸಂತೆಯ ದಿನ. ಮಧ್ಯಾಹ್ನವೇ ಕೆಲಸ ಮುಗಿಸಿ ನಡೆದು ಹೋಗಿದ್ದರು. ದರೆಯ ಎದುರುಬದಿ ಏನಿದೆ ಎಂಬುದು ನಮ್ಮ ಕಡೆಯ ತೋಟದ ರಸ್ತೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಆ ಸಂಜೆಯ ನಂತರ ಕಲಿತದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ. ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಹಳೆಯ ನಾಲ್ಕುಚಕ್ರ ಚಾಲನೆಯ ಗಾಡಿಗಳಿವೆ.

ಗಾಡಿಯ ಹಿನ್ನೆಲೆ

ನನ್ನದು 109 ಅಂಗುಲ ಚಕ್ರಾಂತರದ ಹಳೆಯ ಲ್ಯಾಂಡ್‌ರೋವರ್ ಟ್ರಕ್ಕು. ನೀಲಗಿರಿ ಕಡೆಯ ಚಹಾ ತೋಟವೊಂದರಿಂದ ಕೈಬದಲಾಗುತ್ತಾ ಬಂದದ್ದು. ಈ ಗಾಡಿಗಳ ಮೊದಲ ಮಾದರಿ 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು. ಆಗ ಅಲ್ಲಿ ಉಕ್ಕಿಗೆ ರೇಷನ್ ಇದ್ದುದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು. ಹಾಗಾಗಿಯೇ ನಮ್ಮ ಮಳೆಯಲ್ಲೂ ಮೈಗೆ ತುಕ್ಕಿಲ್ಲ, ಛಾಸಿಗಷ್ಟೇ.

ಆದರೆ ಇದರ ಚಕ್ರ ನಮ್ಮಲ್ಲಿ ಸಿಗುವ ವಸ್ತುವಲ್ಲ. ನಮ್ಮಲ್ಲಿ ಸಿಗುವುದು ಜೀಪಿನ ಚಕ್ರ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಆರಂಭಿಸಿದ ಮೇಲೆ ಮಲೆನಾಡಿನ ಪೇಟೆಪೇಟೆಯ ಗುಜರಿಯಲ್ಲೂ ಜೀಪಿನ ಚಕ್ರ ಇದ್ದೇ ಇದೆ. ನನಗಿಂತ ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಲ್ಯಾಂಡ್‌ರೋವರಿನ ಹಬ್ಬಿಗೆ ಜೀಪಿನ ಚಕ್ರ ಕೂರಿಸಲು ನಡುವೆ ಕಬ್ಬಿಣದ ಬಿಲ್ಲೆ ಹಾಕಿಸಿದ್ದರು. ಇದೇ ಅಡಾಪ್ಟರು. ಒಂದು ಸಾಲು ತೂತು ಹಬ್ಬಿನ ಸ್ಟಡ್ಡಿಗೆ. ಇನ್ನೊಂದು ಸಾಲಿನ ಸ್ಟಡ್ಡುಗಳು ಚಕ್ರಕ್ಕೆ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಈ ಗಾಡಿಗೆ ಈ ಬಿಲ್ಲೆ ಹಾಗೆ. ಹತ್ತು ವರ್ಷ ಓಡಿಸಿದರೂ ಅದನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ತಪ್ಪು ನನ್ನದೇ.

ಮುರಿದ ತುಂಡು ಹೇಳಿದ್ದು

ಮಾರನೆಯ ದಿನ ಮುರಿದ ಭಾಗಗಳನ್ನು ಪೇಟೆಯ ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯ ಕೆಲಸಗಾರರು ಸ್ಟಡ್ಡಿನ ತುದಿಗಳನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದರು. ಐದರಲ್ಲಿ ಮೂರರ ಮುರಿದ ಮುಖ ಪೂರಾ ಕಂದು ತುಕ್ಕು. ಉಳಿದೆರಡರಲ್ಲಿ ಮಾತ್ರ ಹೊಸ ಹೊಳಪು. ಎಂದರೆ, ಮೂರು ಸ್ಟಡ್ಡು ಮುರಿದು ಎಷ್ಟೋ ತಿಂಗಳಾಗಿತ್ತು. ಅಷ್ಟು ದಿನವೂ ನಾವು ಎರಡೇ ಸ್ಟಡ್ಡಿನ ಮೇಲೆ ಇಳಿಜಾರು ಇಳಿದಿದ್ದೆವು.

ಕಾರಣವೂ ಕಾಣುತ್ತಿತ್ತು. ಬಿಲ್ಲೆಗೆ ಬೋಲ್ಟುಗಳನ್ನು ವೆಲ್ಡಿಂಗ್ ಮಾಡಿ ಸ್ಟಡ್ಡು ಎಂದು ಕರೆದಿದ್ದರು. ಗಟ್ಟಿ ಉಕ್ಕಿನ ಬೋಲ್ಟಿಗೆ ಬೆಸುಗೆಯ ಕಾವು ತಗುಲಿದರೆ ಬೆಸುಗೆಯ ಪಕ್ಕದ ಭಾಗ ಪೆಡಸಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಬಿಲ್ಲೆಯ ಎರಡೂ ಮುಖಕ್ಕೆ ದಪ್ಪ ಬಣ್ಣ ಬೇರೆ ಬಳಿದಿದ್ದರು. ಬಣ್ಣ ದಿನ ಕಳೆದಂತೆ ಅಮುಕಿಹೋಗಿ ನಟ್ಟು ತಾನಾಗಿಯೇ ಸಡಿಲವಾಗುತ್ತದೆ.

ಇಲ್ಲಿ ಒಂದು ವಿಷಯ ಮನವರಿಕೆಯಾಗಬೇಕು. ಗಾಡಿಯ ಭಾರ ಹೊರುವುದು ಸ್ಟಡ್ಡಿನ ದಪ್ಪವಲ್ಲ, ನಟ್ಟಿನ ಬಿಗಿತ. ಬಿಗಿಯಾಗಿದ್ದರೆ ಎರಡು ಸಪಾಟು ಮುಖಗಳು ಒಂದನ್ನೊಂದು ಒತ್ತಿ ಹಿಡಿದು, ಅವುಗಳ ಘರ್ಷಣೆಯೇ ಭಾರ ತಡೆಯುತ್ತದೆ. ಬಿಗಿತ ಹೋದರೆ ಪ್ರತಿ ಸುತ್ತಿಗೂ ಸ್ಟಡ್ಡು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ. ಇಷ್ಟೆತ್ತರದ ಟೈರು ಒಂದು ಕಿಲೋಮೀಟರಿಗೆ ಸುಮಾರು 400 ಸುತ್ತು ಸುತ್ತುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ನಾವೆಲ್ಲ ಮಾಡಿದ್ದೇವೆ. ಇದೂ ಅದೇ.

ಅಳತೆ ತೆಗೆಯುವ ಬಗೆ

ಹೊಸ ಬಿಲ್ಲೆ ಮಾಡಿಸುವುದೆಂದು ತೀರ್ಮಾನವಾಯಿತು. ಮೊದಲ ಕೆಲಸ ಅಳತೆ. ಸ್ಟಡ್ಡುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸವೇ ಇಲ್ಲಿ ಮುಖ್ಯ. ಮೆಕ್ಯಾನಿಕ್ಕರು ಇದನ್ನು ಪಿ.ಸಿ.ಡಿ. ಎನ್ನುತ್ತಾರೆ. ನಾಲ್ಕು ಅಥವಾ ಆರು ತೂತಿದ್ದರೆ ಎದುರುಬದುರಿನ ತೂತಿಗೆ ಟೇಪು ಹಿಡಿದರಾಯಿತು. ಐದು ತೂತಿಗೆ ಎದುರುಬದುರೇ ಇಲ್ಲ. ಅಂದಾಜಿಗೆ ಟೇಪು ಹಿಡಿದವರು ಕೆಡುವುದು ಇಲ್ಲೇ.

ಸರಿಯಾದ ಬಗೆ ಹೀಗಿದೆ. ಪಕ್ಕಪಕ್ಕದ ಎರಡು ತೂತುಗಳ ಎಡ ಅಂಚಿನಿಂದ ಎಡ ಅಂಚಿಗೆ ವರ್ನಿಯರಿನಲ್ಲಿ ಅಳೆಯಿರಿ. ಅದು ನಡುವಿನಿಂದ ನಡುವಿಗೆ ಇರುವ ದೂರವೇ. ಅದನ್ನು 1.7013ರಿಂದ ಗುಣಿಸಿ. ವೃತ್ತದ ವ್ಯಾಸ ಸಿಗುತ್ತದೆ. ಲ್ಯಾಂಡ್‌ರೋವರಿನ ಹಬ್ಬಿನಲ್ಲಿ ಈ ದೂರ 97.0 ಮಿ.ಮೀ. ಆದ್ದರಿಂದ ವ್ಯಾಸ 165.1 ಮಿ.ಮೀ., ಅಂದರೆ ಆರೂವರೆ ಅಂಗುಲ. ಜೀಪಿನ ಚಕ್ರದಲ್ಲಿ ದೂರ 82.1, ವ್ಯಾಸ 139.7 ಮಿ.ಮೀ., ಅಂದರೆ ಐದೂವರೆ ಅಂಗುಲ. ತಾಳೆ ನೋಡಲು ಒಂದು ತೂತು ಬಿಟ್ಟು ಮುಂದಿನದಕ್ಕೆ ಅಳೆದು 1.0515ರಿಂದ ಗುಣಿಸಿ. ಎರಡು ಲೆಕ್ಕಕ್ಕೂ ಒಂದೇ ಉತ್ತರ ಬರಬೇಕು.

ಹಬ್ಬಿನ ಐದು ತೂತು, ಚಕ್ರದ ಐದು ಸ್ಟಡ್ಡು. ಒಂದರ ನಡುವೆ ಇನ್ನೊಂದು ಬರುವಂತೆ 36 ಡಿಗ್ರಿ ತಿರುಗಿಸಿ ಇಟ್ಟರೆ, ಹಬ್ಬಿನ ತೂತಿಗೂ ಪಕ್ಕದ ಸ್ಟಡ್ಡಿಗೂ ನಡುವಿನಿಂದ ನಡುವಿಗೆ 48.6 ಮಿ.ಮೀ. ದೂರ ಸಿಗುತ್ತದೆ. ನಟ್ಟು ಕೂರಲು ಬೇಕಾದ ಬಾವಿ ಕೊರೆದರೂ ಮಧ್ಯೆ ಎರಡು ಸೆಂಟಿಮೀಟರಿನಷ್ಟು ಗಟ್ಟಿ ಉಕ್ಕು ಉಳಿಯುತ್ತದೆ. ಹಾಗಾಗಿ ಈ ಜೋಡಿಗೆ ಅಡಾಪ್ಟರು ಆಗುತ್ತದೆ.

ಸಂಖ್ಯೆ ಒಂದೇ, ಆದರೂ ಆಗದು

ಎಲ್ಲ ಜೋಡಿಗೂ ಹೀಗೆ ಆಗುವುದಿಲ್ಲ. ನನ್ನ ಕೆಲಸ ನೋಡಿದ ನೆರೆಯ ಬೆಳೆಗಾರರೊಬ್ಬರು ತಮ್ಮ ಹಳೆಯ ಜೀಪಿಗೆ ಹೊಸ ಪಿಕಪ್ಪೊಂದರ ಆರು ತೂತಿನ ಚಕ್ರ ಹಾಕಿಸಲು ಹೊರಟರು. ಎರಡಕ್ಕೂ ಪಿ.ಸಿ.ಡಿ. 139.7 ಮಿ.ಮೀ. ಸಂಖ್ಯೆ ಒಂದೇ ಇರುವುದರಿಂದ ಇನ್ನೂ ಸುಲಭ ಎಂಬುದು ಅವರ ಎಣಿಕೆ. ಕಾಗದದ ಮೇಲೆ ಕೈವಾರದಲ್ಲಿ ವೃತ್ತ ಎಳೆದು ನೋಡಿದೆವು. ಐದು ತೂತು 72 ಡಿಗ್ರಿಗೊಂದು, ಆರು ತೂತು 60 ಡಿಗ್ರಿಗೊಂದು. ಹೇಗೆ ತಿರುಗಿಸಿದರೂ ಯಾವುದಾದರೂ ಒಂದು ಜೋಡಿ 6 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಆ ವೃತ್ತದ ಮೇಲೆ 6 ಡಿಗ್ರಿ ಎಂದರೆ 7.3 ಮಿ.ಮೀ. ಮಾತ್ರ. ಸ್ಟಡ್ಡಿನ ದಪ್ಪವೇ 12.7 ಮಿ.ಮೀ.! ತೂತಿನೊಳಗೆ ತೂತು ಬೀಳುತ್ತದೆ. ಒಂದೇ ಬಿಲ್ಲೆಯಲ್ಲಿ ಇದು ಆಗುವ ಕೆಲಸವಲ್ಲ. ಅವರು ಐದು ತೂತಿನ ಚಕ್ರವನ್ನೇ ಹುಡುಕಿ ತಂದರು. ಒಂದು ಹಾಳೆ ಕಾಗದದ ಖರ್ಚಿನಲ್ಲಿ ಮುಗಿಯಿತು.

ಬಿಲ್ಲೆಯ ತಯಾರಿ

ಬೀಡು ಕಬ್ಬಿಣದ ಎರಕ ಬೇಡವೇ ಬೇಡ. ಅದು ಹೇಳದೆ ಕೇಳದೆ ಒಡೆಯುತ್ತದೆ. ನಾವು ತೆಗೆದುಕೊಂಡದ್ದು ಇ.ಎನ್.8 ಎಂಬ ಮಧ್ಯಮ ಇಂಗಾಲದ ಉಕ್ಕು. 215 ಮಿ.ಮೀ. ವ್ಯಾಸ, 32 ಮಿ.ಮೀ. ದಪ್ಪ. ನನ್ನ ಗಾಡಿಯಲ್ಲಿ ಹಬ್ಬಿನ ಸ್ಟಡ್ಡು ಡ್ರಮ್ಮಿನಿಂದ 30 ಮಿ.ಮೀ. ಹೊರಚಾಚಿದೆ. ಅದರ ತುದಿ ಚಕ್ರದ ತಟ್ಟೆಗೆ ತಗುಲಬಾರದು. ದಪ್ಪವನ್ನು ನಿರ್ಧರಿಸಿದ್ದು ಇದೇ. ನಟ್ಟಿನ ಬಾವಿಯ ತಳದಲ್ಲಿ 12 ಮಿ.ಮೀ. ಉಕ್ಕು ಉಳಿಸಿ, ನಟ್ಟಿನ ಕೋನಕ್ಕೆ ಹೊಂದುವಂತೆ ತಳವನ್ನು ಓರೆಯಾಗಿ ಕೊರೆಸಿದೆವು. ಬಿಲ್ಲೆಯನ್ನು ಸರಿಯಾಗಿ ನಡುವಿಗೆ ತರುವುದು ಆ ಕೋನವೇ. ಬಿಲ್ಲೆಯ ನಡುತೂತು ಹಬ್ಬಿಗೆ ತಗುಲದಂತೆ ಸ್ವಲ್ಪ ಸಡಿಲವಿದ್ದರೆ ಸಾಕು. ಹಾಗೆಯೇ ಹಬ್ಬಿನ ಹೊರಚಾಚಿದ ಭಾಗ ಚಕ್ರದ ನಡುತೂತಿನಲ್ಲಿ ಸಲೀಸಾಗಿ ಹಾಯುವುದೇ ಎಂದು ಮೊದಲೇ ನೋಡಿಕೊಳ್ಳಿ.

ಎರಡೂ ಮುಖ ಕಟ್ಟುನಿಟ್ಟಾಗಿ ಸಮಾನಾಂತರ ಇರಬೇಕು. ಇಲ್ಲವಾದರೆ ಚಕ್ರ ಹೊಯ್ದಾಡುತ್ತದೆ.

ತೂತುಗಳಿಗೆ ಸೆಂಟರ್ ಪಂಚಿನ ಗುರುತು ನಂಬಲಿಲ್ಲ. ಅಂಗಡಿಯಲ್ಲಿ ಡಿವೈಡಿಂಗ್ ಹೆಡ್ ಇತ್ತು. ಅದರ ಹಿಡಿ 40 ಸುತ್ತು ಸುತ್ತಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ನಮಗೆ ಒಟ್ಟು ಹತ್ತು ಸ್ಥಾನ ಬೇಕು. ಹಾಗಾಗಿ ಪ್ರತಿ ಸ್ಥಾನಕ್ಕೂ ಸರಿಯಾಗಿ ನಾಲ್ಕು ಸುತ್ತು. ಒಮ್ಮೆ ಹೊರವೃತ್ತದಲ್ಲಿ ತೂತು, ನಾಲ್ಕು ಸುತ್ತು, ಒಮ್ಮೆ ಒಳವೃತ್ತದಲ್ಲಿ ತೂತು. ಬಿಲ್ಲೆಯನ್ನು ಬಿಚ್ಚದೆ ಹತ್ತೂ ಮುಗಿಯಿತು. ಹಿರಿಯ ಕೆಲಸಗಾರರ ಕೈಯಲ್ಲಿ ಇದು ಜಪಮಣಿ ಎಣಿಸಿದ ಹಾಗಿತ್ತು.

ಸ್ಟಡ್ಡುಗಳನ್ನು ಲೇತಿನಲ್ಲಿ ಕಡೆಸಲಿಲ್ಲ. ತಲೆಯ ಮೇಲೆ 10.9 ಎಂದು ಅಚ್ಚೊತ್ತಿದ, ಕಂಠದಲ್ಲಿ ಹಲ್ಲುಗೆರೆ ಇರುವ ಸಿದ್ಧ ಸ್ಟಡ್ಡುಗಳನ್ನೇ ತಂದೆವು. ಆ ಸಂಖ್ಯೆಗೆ ಅರ್ಥವಿದೆ. ಹತ್ತು ಎಂದರೆ ಚದರ ಮಿಲಿಮೀಟರಿಗೆ 1000 ನ್ಯೂಟನ್ ಎಳೆತ ತಾಳುವ ಉಕ್ಕು, ಅದರ ಹತ್ತರಲ್ಲಿ ಒಂಬತ್ತು ಪಾಲಿನವರೆಗೆ ಶಾಶ್ವತವಾಗಿ ಉದ್ದವಾಗದು. ಹಿಂಬದಿಯಿಂದ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ, ತಲೆ ಬಿಲ್ಲೆಯೊಳಗೆ ಮುಳುಗುವಂತೆ ಮಾಡಿದೆವು. ಒಂದು ಚುಕ್ಕಿ ಬೆಸುಗೆಯೂ ಇಲ್ಲ.

ಹಲ್ಲಿನ ಹೊಂದಾಣಿಕೆ

ನಟ್ಟಿನ ವಿಷಯದಲ್ಲಿ ಎರಡು ಎಚ್ಚರಿಕೆ. ಹಳೆಯ ಲ್ಯಾಂಡ್‌ರೋವರಿನ ಸ್ಟಡ್ಡು 9/16 ಅಂಗುಲದ ಬಿ.ಎಸ್.ಎಫ್., ಅಂಗುಲಕ್ಕೆ 16 ಹಲ್ಲು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅದೇ ದಪ್ಪದ ಯು.ಎನ್.ಎಫ್. ನಟ್ಟಿಗೆ 18 ಹಲ್ಲು. ಒಂದೆರಡು ಸುತ್ತು ಹತ್ತಿ ಬಿಗಿಯಾದಂತೆ ತೋರುತ್ತದೆ. ಅದು ಬಿಗಿತವಲ್ಲ, ಹಲ್ಲು ಹಾಳಾಗುತ್ತಿರುವುದು. ಎರಡನೆಯದಾಗಿ, ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರಕ್ಕೆ ಎಡಸುತ್ತಿನ ಹಲ್ಲು ಇರುತ್ತಿತ್ತು. ಗುಜರಿಯಿಂದ ತಂದ ನಟ್ಟಿನ ರಾಶಿಯಲ್ಲಿ ಅವೂ ಬೆರೆತಿರುತ್ತವೆ. ಪ್ರತಿ ನಟ್ಟನ್ನೂ ಮೊದಲು ಕೈಬೆರಳಿನಲ್ಲೇ ಪೂರಾ ತಿರುಗಿಸಿ ನೋಡಿ. ಬೆರಳಿಗೆ ಒಪ್ಪದ್ದನ್ನು ಪಾನಾಕ್ಕೆ ಕೊಡಬೇಡಿ.

ಕೂರಿಸಿದ ಮೇಲೆ

ಬಿಲ್ಲೆ, ಡ್ರಮ್ಮು, ಚಕ್ರ, ಮೂರರ ಮುಖವನ್ನೂ ಬಣ್ಣ ತುಕ್ಕಿಲ್ಲದಂತೆ ಉಜ್ಜಿದೆವು. ನಟ್ಟನ್ನು ಒಂದು ಬಿಟ್ಟು ಒಂದರಂತೆ, ಟಾರ್ಕ್ ಪಾನಾದಲ್ಲಿ 80 ಪೌಂಡ್-ಅಡಿಗೆ ಬಿಗಿದೆವು. 50 ಕಿಲೋಮೀಟರಿಗೆ ಒಮ್ಮೆ, 100ಕ್ಕೆ ಮತ್ತೊಮ್ಮೆ ಪರೀಕ್ಷಿಸಿದೆವು. ಒಳಗಿನ ನಟ್ಟುಗಳು ಚಕ್ರದ ಹಿಂದೆ ಅಡಗಿರುತ್ತವೆ. ಚಕ್ರ ಬಿಚ್ಚದೆ ಅವನ್ನು ನೋಡಿದಂತಾಗುವುದಿಲ್ಲ. ಅಡಾಪ್ಟರಿನ ದೊಡ್ಡ ಕೊರತೆ ಇದೇ. ಇನ್ನೊಂದು, ಬಿಲ್ಲೆಯ ದಪ್ಪದಷ್ಟೂ ಚಕ್ರ ಹೊರಕ್ಕೆ ಹೋಗಿ ಬೇರಿಂಗಿಗೆ ಭಾರ ಹೆಚ್ಚುತ್ತದೆ, ಸ್ಟೇರಿಂಗು ಬಿರುಸಾಗುತ್ತದೆ. ಆದ್ದರಿಂದ ಸರಿಯಾದ ಚಕ್ರವೇ ಸಿಕ್ಕರೆ ಅದೇ ಮೇಲು. ಅಡಾಪ್ಟರು ಎರಡನೆಯ ದಾರಿ.

ವರ್ಷಕ್ಕೊಮ್ಮೆ ಕೊಯ್ಲಿಗೆ ಮುಂಚೆ ಬಿಲ್ಲೆಗಳನ್ನು ಬಿಚ್ಚಿ ಹಳೆಯ ಸೀಮೆಎಣ್ಣೆ-ಸೀಮೆಸುಣ್ಣದ ಪರೀಕ್ಷೆ ಮಾಡಿ. ಬಿಲ್ಲೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದ ಬಿಲ್ಲೆಗೆ ರಿಪೇರಿ ಇಲ್ಲ, ಗುಜರಿಯೇ ಗತಿ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ವಾಹನದ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಸುವವರು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನ ಟ್ರಕ್ಕು ಈಗ ತೋಟದ ಗೇಟು ದಾಟುವುದಿಲ್ಲ.

ನಾಲ್ಕು ಬಿಲ್ಲೆಗೂ ಸೇರಿ ತಗುಲಿದ ಖರ್ಚು ಎರಡು ಹೊಸ ಟೈರಿನ ಬೆಲೆಯನ್ನು ಮೀರಲಿಲ್ಲ. ಹತ್ತು ವರ್ಷ ಉಳಿಸಿದೆನೆಂದು ಭಾವಿಸಿದ್ದ ಹಣ ಅಷ್ಟೇ ಎಂದಾಯಿತು.

ಟ್ರಕ್ಕಿನಲ್ಲಿ ಈಗ ಬರುವುದು ಚೀಲ ಮಾತ್ರ. ಕೊಯ್ಲಿನವರನ್ನು ಹಿಂದೆ ಕೂರಿಸುವುದನ್ನು ಅಂದೇ ನಿಲ್ಲಿಸಿದೆ. ಬಿಲ್ಲೆ ಎಷ್ಟೇ ಗಟ್ಟಿಯಾಗಿದ್ದರೂ ಸರಕಿನ ಗಾಡಿ ಜನರಿಗಲ್ಲ. ಮೊದಮೊದಲು ಗೊಣಗಿದರು. ದರೆಯ ಪಕ್ಕ ಇನ್ನೂ ಬಿದ್ದಿರುವ ಹಳೆಯ ಬಿಲ್ಲೆಯನ್ನು ಎತ್ತಿ, ಆ ಮೂರು ಕಂದು ಮುಖಗಳನ್ನು ತೋರಿಸಿದೆ. ಆಮೇಲೆ ಯಾರೂ ಕೇಳಲಿಲ್ಲ. ಸಂಜೆ ಅರ್ಧ ಗಂಟೆ ಮುಂಚೆ ಕೆಲಸ ನಿಲ್ಲಿಸುತ್ತೇವೆ, ಎಲ್ಲರೂ ನಡೆದೇ ಇಳಿಯುತ್ತೇವೆ.