ಲಾರಿ ಚಕ್ರ ಬಿಚ್ಚುವ ಮುನ್ನ

ಕಾಂಗೇಯಂ ಎತ್ತಿಗೆ ಹೆಸರಾದಂತೆ ಕೊಬ್ಬರಿಗೂ ಹೆಸರಾದ ಊರು. ಅಲ್ಲಿಗೆ ನಮ್ಮ ಕಾಯಿ ಹೊರುವ ಲಾರಿಗಳಲ್ಲಿ ಎರಡು ಬಗೆಯ ಚಕ್ರಗಳುಂಟು. 20 ಅಂಗುಲದ ಹಳೆಯ ಬಗೆಗೆ ಟ್ಯೂಬಿದೆ. ಟೈರನ್ನು ಹಿಡಿದಿರುವುದು ಬಿಡಿಯಾದ ಉಕ್ಕಿನ ರಿಂಗು. 22.5 ಅಂಗುಲದ್ದು ಒಂದೇ ತುಂಡು. ಟ್ಯೂಬಿಲ್ಲ, ರಿಂಗಿನ ಭಯವೂ ಇಲ್ಲ. ಒಂದರ ಟೈರು ಮತ್ತೊಂದಕ್ಕೆ ಕೂಡದು.

ರಿಂಗಿನ ಚಕ್ರವನ್ನು ಎತ್ತಿನಗಾಡಿಯ ಗಾಲಿಯೆಂದು ಬಗೆದು ಬಿಚ್ಚಲು ಹೋಗಬಾರದು. ಗಾಳಿಯಿರುವಾಗ ರಿಂಗು ಸಿಡಿದರೆ ಎದುರಿದ್ದವನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಉಳಿದ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿಯ ಜೊತೆಗೆ ಗಟ್ಟಿ ದಿಮ್ಮಿಯ ಆಸರೆಯನ್ನೂ ಇಟ್ಟು, ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡತಕ್ಕದ್ದು. ಹಿಂದಿನ ಜೋಡಿ ಚಕ್ರವಾದರೆ ಎರಡರದೂ. ನಟ್ಟು ಮುಟ್ಟುವುದು ಆಮೇಲೆ. ಮರಳಿ ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಲಿ. ರಿಂಗಿನ ಎದುರು ಯಾರೂ ನಿಲ್ಲದಿರಲಿ. ತುಕ್ಕು ಹಿಡಿದ, ಸೊಟ್ಟಗಾದ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಅಂಗಡಿಗೆ ನಾವಂತೂ ಚಕ್ರ ಕೊಡೆವು.