ಮನೆಯಲ್ಲೇ ತೋಟಾ ತುಂಬಿದರೆ ಕಾಸು ಉಳಿಯುತ್ತಾ? ಅಮೆರಿಕದ ಒಂದು ಹವ್ಯಾಸದ ಲೆಕ್ಕಾಚಾರ

2020ರಲ್ಲಿ ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾದ ಫೋಟೋಗಳನ್ನ ನಾವೆಲ್ಲ ನೋಡಿ ನಕ್ಕಿದ್ದೇವೆ. ಅದೇ ವರ್ಷ ಅಲ್ಲಿನ ಇನ್ನೊಂದು ಕಪಾಟೂ ಖಾಲಿಯಾಯಿತು. ಅದು ಬಂದೂಕಿನ ತೋಟಾಗಳ ಕಪಾಟು. ಕೋವಿಡ್, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಗಳು, ನವೆಂಬರ್‌ನ ಚುನಾವಣೆ, ಮೂರೂ ಒಟ್ಟಿಗೆ ಬಂದವು. ಬಂದೂಕು ಕೊಳ್ಳುವವರ ಹಿನ್ನೆಲೆ ನೋಡುವ ಫೆಡರಲ್ ವ್ಯವಸ್ಥೆಯಲ್ಲಿ ಆ ಒಂದೇ ವರ್ಷ 3.9 ಕೋಟಿಗೂ ಹೆಚ್ಚು ತಪಾಸಣೆಗಳು ದಾಖಲಾದವು. ಅಲ್ಲಿಯವರೆಗೆ ಯಾವ ವರ್ಷವೂ ಅಷ್ಟು ಆಗಿರಲಿಲ್ಲ. ಬಂದೂಕು ಕೊಂಡವರಿಗೆಲ್ಲ ತೋಟಾನೂ ಬೇಕಲ್ಲ, ಬೆಲೆ ಎರಡು ಪಟ್ಟು, ಮೂರು ಪಟ್ಟು ಹಾರಿತು.

ಆಗ ಬಹಳ ಜನರಿಗೆ ನೆನಪಾಗಿದ್ದು ಅಪ್ಪನೋ ಅಜ್ಜನೋ ಗ್ಯಾರೇಜಿನಲ್ಲಿ ಮಾಡುತ್ತಿದ್ದ ಕೆಲಸ: ರೀಲೋಡಿಂಗ್, ಅಂದ್ರೆ ಹಾರಿಸಿದ ತೋಟಾದ ಖಾಲಿ ಕೇಸನ್ನ ಎತ್ತಿಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬುವುದು. ‘ಅಂಗಡಿಯವನ ಹಂಗೂ ಬೇಡ, ಸರ್ಕಾರದ ಹಂಗೂ ಬೇಡ, ದುಡ್ಡೂ ಉಳಿಯುತ್ತೆ’ ಅನ್ನೋದು ಇದರ ಪರವಾಗಿ ಹೇಳುವ ಮಾತು. ಈ ಮಾತಿನ ಎರಡು ಭಾಗವನ್ನೂ ಬೇರೆಬೇರೆಯಾಗಿ ನೋಡಬೇಕು. ದುಡ್ಡು ಉಳಿಯುತ್ತೆ ಅನ್ನೋದು ಕೆಲವರಿಗೆ ಮಾತ್ರ ನಿಜ. ಯಾರ ಹಂಗೂ ಬೇಡ ಅನ್ನೋದು ಯಾರಿಗೂ ನಿಜವಲ್ಲ.

ಮೊದಲು ತೋಟಾದೊಳಗೆ ಏನಿದೆ ನೋಡೋಣ. ನಾಲ್ಕೇ ವಸ್ತು. ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಮಲೆನಾಡಿನವರಿಗೆ ಪ್ರೈಮರ್ ಅಂದ್ರೆ ಏನಂತ ವಿವರಿಸಬೇಕಿಲ್ಲ, ಕೇಪಿನ ಕೋವಿಯ ‘ಕೇಪು’ ಮಾಡುವ ಕೆಲಸವನ್ನೇ ಅದು ಮಾಡುತ್ತೆ. ಕುದುರೆ ಬಡಿದಾಗ ಕಿಡಿ ಕೊಡುವುದು ಅದು. ಹಾರಿಸಿದ ಮೇಲೆ ಮದ್ದು ಉರಿದುಹೋಗುತ್ತೆ, ಗುಂಡು ಹೋಗಿಬಿಡುತ್ತೆ, ಪ್ರೈಮರ್ ಸತ್ತಿರುತ್ತೆ. ಉಳಿಯೋದು ಹಿತ್ತಾಳೆ ಕೇಸು ಮಾತ್ರ. ಅದನ್ನ ತೊಳೆದು, ಪ್ರೆಸ್ ಎಂಬ ಕೈಯಂತ್ರದಲ್ಲಿ ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿದರೆ ಇನ್ನೊಂದು ತೋಟಾ ಸಿದ್ಧ. ಒಳ್ಳೆಯ ರೈಫಲ್ ಕೇಸು ಹೀಗೆ ಎಂಟು-ಹತ್ತು ಸಲ ಬಾಳಿಕೆ ಬರುತ್ತೆ.

ಈಗ ಲೆಕ್ಕ. ಕೆಳಗಿನ ಬೆಲೆಗಳು ಕೋವಿಡ್ ನಂತರದ ಅಮೆರಿಕದ ಅಂಗಡಿಗಳ ಅಂದಾಜು ಮಟ್ಟ. ತಿಂಗಳಿಗೊಮ್ಮೆ ಏರಿಳಿಯುತ್ತವೆ, ಆದರೆ ಪ್ರಮಾಣ ಹೆಚ್ಚುಕಡಿಮೆ ಹೀಗೇ ಇರುತ್ತೆ. ಮದ್ದು ಪೌಂಡಿಗೆ ಸುಮಾರು 45 ಡಾಲರ್. ಅದನ್ನ ಅಳೆಯುವುದು ಗ್ರೇನ್ ಎಂಬ ಮಾನದಲ್ಲಿ, ಒಂದು ಪೌಂಡಿಗೆ 7,000 ಗ್ರೇನ್. ಪ್ರೈಮರ್ ಒಂದಕ್ಕೆ ಸುಮಾರು 8 ಸೆಂಟ್.

ದೂರದ ಗುರಿಗೆ ಬಳಸುವ .308 ವಿಂಚೆಸ್ಟರ್ ತಗೊಳ್ಳಿ. ಒಂದು ತೋಟಾಕ್ಕೆ ಸುಮಾರು 44 ಗ್ರೇನ್ ಮದ್ದು ಅಂತಿಟ್ಟುಕೊಂಡರೆ (ಇದು ಬೆಲೆಯ ಲೆಕ್ಕಕ್ಕೆ ಮಾತ್ರ, ತುಂಬುವ ಪ್ರಮಾಣ ಅಂತ ಯಾರೂ ತಗೋಬೇಡಿ) ಒಂದು ಪೌಂಡಿನಲ್ಲಿ 159 ತೋಟಾ. ಅಂದ್ರೆ ಮದ್ದಿಗೆ 28 ಸೆಂಟ್. ಸ್ಪರ್ಧೆಯ ಗುಣಮಟ್ಟದ ಗುಂಡಿಗೆ 45 ಸೆಂಟ್, ಪ್ರೈಮರ್ 8, ಹತ್ತು ಸಲ ಬಳಸುವ ಕೇಸಿನ ಪಾಲು 10. ಒಟ್ಟು 91 ಸೆಂಟ್. ಇದೇ ದರ್ಜೆಯ ಫ್ಯಾಕ್ಟರಿ ತೋಟಾ 1 ಡಾಲರ್ 80 ಸೆಂಟ್ ಆಸುಪಾಸು. ಪ್ರತಿ ತೋಟಾಕ್ಕೆ 90 ಸೆಂಟ್ ಹತ್ತಿರ ಉಳಿತಾಯ. ಪ್ರೆಸ್, ಡೈ, ತಕ್ಕಡಿ, ಕ್ಯಾಲಿಪರ್, ಕೇಸು ತೊಳೆಯುವ ಯಂತ್ರ ಎಲ್ಲ ಸೇರಿ 550 ಡಾಲರ್ ಹಾಕಿದ್ದರೆ 600 ಸುತ್ತು ಹಾರಿಸುವಷ್ಟರಲ್ಲಿ ಬಂಡವಾಳ ವಾಪಸ್. ವಾರಾಂತ್ಯಕ್ಕೆ ರೇಂಜಿಗೆ ಹೋಗುವ ಶೂಟರ್‌ಗೆ ಇದು ಒಂದು ವರ್ಷದ ಮಾತೂ ಅಲ್ಲ.

ಆದರೆ ಅಮೆರಿಕದಲ್ಲಿ ಅತಿ ಹೆಚ್ಚು ಹಾರುವ ರೈಫಲ್ ತೋಟಾಗಳಲ್ಲಿ .308 ಮೊದಲನೆಯದಲ್ಲ. ಅದಕ್ಕಿಂತ ಮುಂದಿರೋದು ಎಆರ್-15ಕ್ಕೆ ಹಾಕುವ .223 ಮತ್ತು ಅದರ ಮಿಲಿಟರಿ ಅವಳಿ 5.56. ಇಲ್ಲಿ ಮದ್ದು 25 ಗ್ರೇನ್ ಲೆಕ್ಕದಲ್ಲಿ 16 ಸೆಂಟ್, ಸಾಧಾರಣ ಗುಂಡು 12, ಪ್ರೈಮರ್ 8. ಕೇಸು ರೇಂಜಿನ ನೆಲದಿಂದ ಆರಿಸಿಕೊಂಡದ್ದು, ಬಿಟ್ಟಿ. ಒಟ್ಟು 36 ಸೆಂಟ್. ಫ್ಯಾಕ್ಟರಿಯದ್ದು ಸಗಟಿನಲ್ಲಿ 46 ಸೆಂಟಿಗೆ ಸಿಗುತ್ತೆ ಅನ್ನಿ. ಉಳಿದದ್ದು 10 ಸೆಂಟ್. ಅದೇ 550 ಡಾಲರ್ ವಾಪಸ್ ಬರೋಕೆ 5,500 ಸುತ್ತು ಬೇಕು.

ಅದೂ ಹೋಗಲಿ ಅಂದ್ರೆ, ಸಮಯದ ಲೆಕ್ಕ ಇದೆ. ಒಂದು ಸಲಕ್ಕೆ ಒಂದೇ ಹಂತ ಮಾಡುವ ಸಾಮಾನ್ಯ ಪ್ರೆಸ್‌ನಲ್ಲಿ, ಕೇಸು ತೊಳೆದು ಕತ್ತರಿಸಿ ಸರಿಮಾಡುವ ಹೊತ್ತೂ ಸೇರಿಸಿದರೆ, ಗಂಟೆಗೆ 50-60 ತೋಟಾ ಆದರೆ ಹೆಚ್ಚು. .308 ತುಂಬುವವನ ಒಂದು ಗಂಟೆಗೆ 45 ಡಾಲರ್ ಬೆಲೆ ಬಂತು, ಕೂಲಿ ಚೆನ್ನಾಗೇ ಇದೆ. .223 ತುಂಬುವವನ ಗಂಟೆಗೆ 6 ಡಾಲರ್. ಅಮೆರಿಕದ ಫೆಡರಲ್ ಕನಿಷ್ಠ ವೇತನ 2009ರಿಂದ ಅಲುಗಾಡದೆ ನಿಂತಿರುವುದು ಗಂಟೆಗೆ 7.25 ಡಾಲರ್‌ನಲ್ಲಿ. ಅಂದ್ರೆ ಈ ಮನುಷ್ಯ ತನ್ನ ಗ್ಯಾರೇಜಿನಲ್ಲಿ ತನಗೇ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಟ್ಟುಕೊಂಡು ದುಡಿಯುತ್ತಿದ್ದಾನೆ. 9 ಎಂಎಂ ಪಿಸ್ತೂಲಿನ ತೋಟಾ ಇನ್ನೂ ಕಷ್ಟ, ಅಲ್ಲಿ ಉಳಿಯೋದು ಎರಡು ಮೂರು ಸೆಂಟ್.

ಫ್ಯಾಕ್ಟರಿ ಯಾಕೆ ಇಷ್ಟು ಅಗ್ಗಕ್ಕೆ ಕೊಡಬಲ್ಲದು? ಪ್ರಮಾಣದಿಂದ. ಮಿಸ್ಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಲ್ಲಿರುವ ಲೇಕ್ ಸಿಟಿ ಕಾರ್ಖಾನೆ ಅಮೆರಿಕ ಸೇನೆಯ ಸ್ವತ್ತು, ನಡೆಸೋದು ಖಾಸಗಿ ಕಂಪನಿ. 2020ರಿಂದ ಅದು ವಿಂಚೆಸ್ಟರ್ ಬ್ರ್ಯಾಂಡಿನ ಮಾಲೀಕ ಓಲಿನ್ ಕೈಯಲ್ಲಿದೆ. ಸೇನೆಗೆ 5.56 ತೋಟಾ ಮಾಡುವ ಅದೇ ಕಾರ್ಖಾನೆಯಿಂದ ನಾಗರಿಕ ಮಾರುಕಟ್ಟೆಗೂ ಸರಕು ಬರುತ್ತೆ. ತೆರಿಗೆದಾರರ ದುಡ್ಡಿನಲ್ಲಿ ಎದ್ದ ಸೌಕರ್ಯದ ಜೊತೆ ಗ್ಯಾರೇಜಿನ ಕೈಯಂತ್ರ ಪೈಪೋಟಿಗೆ ಇಳಿದರೆ ಗೆಲ್ಲೋದು ಯಾರು ಅಂತ ಇಂಜಿನಿಯರಿಂಗ್ ಓದಬೇಕಿಲ್ಲ. ಎದುರು ಪಕ್ಕದಲ್ಲಿ ಒಂದು ಸಣ್ಣ ಅನುಕೂಲ ಇದೆ: ಫ್ಯಾಕ್ಟರಿ ತೋಟಾದ ಬೆಲೆಯಲ್ಲಿ 11% ಫೆಡರಲ್ ತೆರಿಗೆ ಅಡಗಿರುತ್ತೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಆ ಹಣ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತೆ.

ಹಳೇ ರೀಲೋಡರ್‌ಗಳ ನಡುವೆ ಒಂದು ಮಾತಿದೆ, ರೀಲೋಡಿಂಗ್‌ನಿಂದ ದುಡ್ಡು ಉಳಿಯಲ್ಲ, ಅದೇ ದುಡ್ಡಿಗೆ ಹೆಚ್ಚು ಹಾರಿಸ್ತೀವಿ ಅಷ್ಟೇ ಅಂತ. ತಮಾಷೆಗೆ ಹೇಳಿದರೂ ಅರ್ಥಶಾಸ್ತ್ರದ ಪ್ರಕಾರ ಸರಿಯಾದ ಮಾತು. ಮೈಲೇಜ್ ಜಾಸ್ತಿ ಕೊಡುವ ಬೈಕ್ ತಗೊಂಡವರು ಪೆಟ್ರೋಲ್ ಉಳಿಸೋ ಬದಲು ಹೆಚ್ಚು ಸುತ್ತಾಡುವ ಹಾಗೆ.

ಹಾಗಂತ ಮಾಡುವವರೆಲ್ಲ ದಡ್ಡರೂ ಅಲ್ಲ. ಸಾವಿರ ಗಜ ದೂರದ ಗುರಿಗೆ ಹೊಡೆಯುವವರಿಗೆ ಪ್ರತಿ ತೋಟಾದ ವೇಗವೂ ಒಂದೇ ಸಮ ಇರಬೇಕು. ತಮ್ಮ ನಳಿಗೆಗೆ ಹೊಂದುವ ಹಾಗೆ ತಾವೇ ತುಂಬಿಕೊಂಡರೆ ಬರುವ ನಿಖರತೆ ಅಂಗಡಿಯ ಡಬ್ಬಿಯಲ್ಲಿ ಸಿಗೋದು ಕಷ್ಟ. .338 ಲಾಪುವಾದಂಥ ದೊಡ್ಡ ತೋಟಾ ಅಂಗಡಿಯಲ್ಲಿ ಐದಾರು ಡಾಲರ್ ಇರುವಾಗ ಉಳಿತಾಯವೂ ದೊಡ್ಡದೇ. ಕಂಪನಿಗಳು ಮಾಡೋದನ್ನೇ ನಿಲ್ಲಿಸಿದ ಹಳೇ ಅಳತೆಯ ರೈಫಲ್ ಇದ್ದವರಿಗಂತೂ ಬೇರೆ ದಾರಿಯಿಲ್ಲ. ಅಪಾಯ ಇದೆ: ಗಮನ ತಪ್ಪಿ ಎರಡು ಸಲ ಮದ್ದು ಬಿದ್ದರೆ ಬಂದೂಕೇ ಸಿಡಿಯಬಹುದು, ಮತ್ತು ಬಹುತೇಕ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರೋದರಿಂದ ಹಳೇ ಕೇಸು ತೊಳೆಯುವಾಗ ಏಳುವ ಧೂಳು ಮಕ್ಕಳಿರುವ ಮನೆಗೆ ಒಳ್ಳೇದಲ್ಲ.

ಇನ್ನು ಎರಡನೇ ಭಾಗ, ಸ್ವಾವಲಂಬನೆ. ರಾಜಕೀಯವಾಗಿ ಇದೇ ಮುಖ್ಯ. ‘ನಾಳೆ ಸರ್ಕಾರ ತೋಟಾ ಮೇಲೆ ಕಡಿವಾಣ ಹಾಕಿದರೂ ನಮಗೆ ಚಿಂತೆಯಿಲ್ಲ’ ಅನ್ನೋ ಭಾವನೆ ಅಮೆರಿಕದ ಬಂದೂಕು ರಾಜಕಾರಣದ ಒಳಗೆ ಆಳವಾಗಿ ಕೂತಿದೆ. ಅದಕ್ಕೆ ಸ್ವಲ್ಪ ಆಧಾರವೂ ಇದೆ. ಸ್ವಂತ ಬಳಕೆಗೆ ತೋಟಾ ತುಂಬೋಕೆ ಫೆಡರಲ್ ಲೈಸೆನ್ಸ್ ಬೇಡ. ಮಾರಾಟಕ್ಕಿಳಿದರೆ ಮಾತ್ರ ಬೇಕು, ಅದಕ್ಕೂ ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ತೋಟಾ ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ನಿಯಮ ತಂದಾಗ (ಅದರ ಮೇಲೆ ದೊಡ್ಡ ನ್ಯಾಯಾಂಗ ಹೋರಾಟವೇ ನಡೆದಿದೆ) ಅದು ಅನ್ವಯಿಸಿದ್ದು ತುಂಬಿದ ತೋಟಾಕ್ಕೆ. ಬಿಡಿ ಪ್ರೈಮರ್, ಮದ್ದು, ಗುಂಡು ಆ ವ್ಯಾಖ್ಯೆಯ ಹೊರಗೆ ಉಳಿದವು.

ಆದರೆ ಪ್ರೈಮರನ್ನ ಯಾರೂ ಗ್ಯಾರೇಜಿನಲ್ಲಿ ಮಾಡಲ್ಲ. ತಟ್ಟಿದರೆ ಸಿಡಿಯುವ ರಾಸಾಯನಿಕವನ್ನ ಕಾಳಿನಷ್ಟು ಅಳತೆಯಲ್ಲಿ ಲಕ್ಷಗಟ್ಟಲೆ ತುಂಬುವ ಕೆಲಸ ಅದು, ಕಾರ್ಖಾನೆಯದ್ದೇ. ಅಮೆರಿಕದಲ್ಲಿ ಪ್ರೈಮರ್‌ನ ದೊಡ್ಡ ಹೆಸರುಗಳು ನಾಲ್ಕು: ಫೆಡರಲ್, ಸಿಸಿಐ, ರೆಮಿಂಗ್ಟನ್, ವಿಂಚೆಸ್ಟರ್. ಮಾಲೀಕರು ಎಷ್ಟು ಜನ? ಫೆಡರಲ್, ಸಿಸಿಐ ಎರಡೂ ವಿಸ್ಟಾ ಔಟ್‌ಡೋರ್ ಕಂಪನಿಯದ್ದಾಗಿದ್ದವು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಅದರ ತೋಟಾ ವ್ಯವಹಾರವನ್ನೂ ವಿಸ್ಟಾನೇ ಕೊಂಡಿತು. ವಿಂಚೆಸ್ಟರ್ ಓಲಿನ್‌ದು. ನಾಲ್ಕು ಡಬ್ಬಿ, ಇಬ್ಬರು ಯಜಮಾನರು.

2020-22ರಲ್ಲಿ ಆದದ್ದು ಇದೇ. ತೋಟಾ ಸಿಗದೇ ಇದ್ದಾಗ ಪ್ರೈಮರ್ ಕೂಡ ಸಿಗಲಿಲ್ಲ. ಯಾಕಂದ್ರೆ ಕಾರ್ಖಾನೆಗಳು ಇದ್ದ ಪ್ರೈಮರನ್ನ ಮೊದಲು ತಮ್ಮದೇ ತೋಟಾಗಳಿಗೆ ಹಾಕಿದವು. ಬಿಡಿಯಾಗಿ ಮಾರೋಕೆ ಉಳಿದದ್ದು ಕಡಿಮೆ. ಮೊದಲು ಸಾವಿರಕ್ಕೆ 30-35 ಡಾಲರ್ ಇದ್ದದ್ದು ಕಾಳಸಂತೆಯಲ್ಲಿ 100, 200 ಡಾಲರ್‌ಗೂ ಹೋಯಿತು. ಬರಗಾಲಕ್ಕೆ ಅಂತ ಕೊಂಡ ಪ್ರೆಸ್ ಬರಗಾಲದಲ್ಲೇ ಸುಮ್ಮನೆ ನಿಂತಿತು. ಮೊದಲೇ ದಾಸ್ತಾನು ಮಾಡಿಟ್ಟವರು ಮಾತ್ರ ಬಚಾವಾದರು. ಅದಕ್ಕೆ ರೀಲೋಡಿಂಗ್ ಅನ್ನೋದಕ್ಕಿಂತ ಹೋರ್ಡಿಂಗ್ ಅನ್ನೋದೇ ಸರಿ.

ಮದ್ದಿನ ಕತೆಯೂ ಅಷ್ಟೇ. ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಹತ್ತಿಯ ನಾರಿನಿಂದಲೋ ಮರದ ತಿರುಳಿನಿಂದಲೋ ಬರುವ ವಸ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಶೆಲ್‌ಗಳಿಗೂ ಇದೇ ಬೇಕಾಯಿತು. 2023ರ ಕೊನೆಗೆ ವಿಸ್ಟಾ ತನ್ನ ವ್ಯಾಪಾರಿಗಳಿಗೆ ಪತ್ರ ಬರೆದು, ಜಾಗತಿಕ ಮದ್ದಿನ ಕೊರತೆಯ ಕಾರಣ ಕೊಟ್ಟು, 2024ರ ಜನವರಿಯಿಂದ ಬೆಲೆ ಏರಿಸಿತು. ಅಮೆರಿಕದ ರೀಲೋಡರ್‌ಗಳ ಅಚ್ಚುಮೆಚ್ಚಿನ ‘ವಾರ್ಗೆಟ್’ ಎಂಬ ಮದ್ದು ಅಮೆರಿಕದ್ದೇ ಅಲ್ಲ, ತಯಾರಾಗೋದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾದಲ್ಲಿ. ಮತ್ತೆ 2024ರ ನವೆಂಬರ್‌ನಲ್ಲಿ ವಿಸ್ಟಾದ ಇಡೀ ತೋಟಾ ವ್ಯವಹಾರವನ್ನ ಚೆಕೊಸ್ಲೊವಾಕ್ ಗ್ರೂಪ್ ಎಂಬ ಚೆಕ್ ಶಸ್ತ್ರಾಸ್ತ್ರ ಸಂಸ್ಥೆ 200 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. ಆಗ ಸೆನೆಟರ್ ಆಗಿದ್ದ ಜೆ.ಡಿ. ವ್ಯಾನ್ಸ್ ತಕರಾರು ಎತ್ತಿದ್ದರು, ವ್ಯವಹಾರ ನಿಲ್ಲಲಿಲ್ಲ. ಟೆಕ್ಸಾಸ್‌ನ ಗ್ಯಾರೇಜಿನಲ್ಲಿ ಸ್ವಾವಲಂಬನೆಯ ಪಾಠ ಮಾಡುವವನ ಪ್ರೈಮರ್ ಡಬ್ಬಿಯ ಲಾಭ ಈಗ ಪ್ರಾಗ್‌ಗೆ ಹೋಗುತ್ತೆ.

ಇಷ್ಟು ಓದಿ ಕೊಡಗಿನ ಗೆಳೆಯರು ‘ನಮ್ಮಲ್ಲಿ ಮಾಡಬಹುದಾ’ ಅಂತ ಕೇಳಬಹುದು. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಆ ಕಾಯ್ದೆಯ ‘ಮದ್ದುಗುಂಡು’ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ, ಅದನ್ನ ತಯಾರಿಸುವ ಯಂತ್ರಗಳೂ ಸೇರಿವೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಇಲ್ಲಿ ಲೆಕ್ಕಾಚಾರವೇ ಬೇಕಿಲ್ಲ.

ಲೆಕ್ಕ ನಿಜಕ್ಕೂ ತಲೆಮೇಲೆ ಬೀಳಬಹುದಾದವರು ಬೇರೆ ಇದ್ದಾರೆ. ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು, ಆಫೀಸಿನ ಸಹೋದ್ಯೋಗಿಯ ಜೊತೆ ರೇಂಜಿಗೆ ಹೋಗಿ ರುಚಿ ಹತ್ತಿಸಿಕೊಂಡವರು. ವಲಸಿಗರಲ್ಲದ ವೀಸಾ ಮೇಲೆ ಅಲ್ಲಿರುವವರು ಬಂದೂಕು ಅಥವಾ ಮದ್ದುಗುಂಡು ಹೊಂದಿರುವುದು ಫೆಡರಲ್ ಅಪರಾಧ. ಊರ್ಜಿತದಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಕ್ಯಾಲಿಫೋರ್ನಿಯಾದ ನಿಯಮಕ್ಕಿಂತ ಫೆಡರಲ್ ಕಾನೂನಿನ ವ್ಯಾಖ್ಯೆ ಅಗಲವಾದದ್ದು: ಖಾಲಿ ಕೇಸು, ಪ್ರೈಮರ್, ಗುಂಡು, ಮದ್ದು, ಯಾವುದೇ ಒಂದು ಬಿಡಿಯಾಗಿದ್ದರೂ ಅದು ‘ಮದ್ದುಗುಂಡು’. 2022ರಿಂದ ಇದರ ಗರಿಷ್ಠ ಶಿಕ್ಷೆ 15 ವರ್ಷ. ಗೆಳೆಯ ಕೊಟ್ಟ ಒಂದು ಡಬ್ಬಿ ಪ್ರೈಮರನ್ನ ಅಪಾರ್ಟ್‌ಮೆಂಟಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಮೊದಲು ವೀಸಾ ವಕೀಲರಿಗೆ ಒಂದು ಫೋನ್ ಮಾಡಿ.